ಗಿಡಕ್ಕೆ ಹೋಗಿ, ಮೀನಿಗೆ ಬೇಡ: ಬಿಜೈ ಕಡೆಯ ಒಂದು ಅಕ್ವೇರಿಯಂ ಅಂಗಡಿ

ಮೀನು ಬೇಕಾದವರು ಈ ಅಂಗಡಿಗೆ ಹೋಗುವ ಅಗತ್ಯ ಇಲ್ಲ. ಅಲ್ಲಿ ಇರುವುದು ಗಪ್ಪಿ, ಮೋಲಿ, ನಾಲ್ಕೈದು ಬಗೆಯ ಟೆಟ್ರಾ, ಮೂಲೆಯ ಟ್ಯಾಂಕಿನಲ್ಲಿ ಯಾರೋ ಸಾಕಲಾಗದೆ ಬಿಟ್ಟುಹೋದ ಒಂದು ಆಸ್ಕರ್. ಅಷ್ಟೇ. ಆದರೆ ನೀರಿನೊಳಗೆ ಬೆಳೆಯುವ ಗಿಡ ಬೇಕು, ತಂದದ್ದು ಒಂದು ತಿಂಗಳಲ್ಲಿ ಕೊಳೆತು ಹೋಗಬಾರದು ಅಂತಿದ್ದರೆ, ಮಂಗಳೂರಿನಲ್ಲಿ ನಾನು ನೋಡಿದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬಿಜೈಯಿಂದ ಕದ್ರಿ ಕಡೆಗೆ ಹೋಗುವ ಒಂದು ಒಳರಸ್ತೆಯಲ್ಲಿ, ಹಳೆಯ ಹಂಚಿನ ಮನೆಯ ಜಗಲಿಯನ್ನೇ ಮುಚ್ಚಿ ಮಾಡಿದ ಅಂಗಡಿ. ಹೆಸರು ಹಾಕುವುದಿಲ್ಲ. ಅಂಗಡಿಯವರೇ ಬೇಡ ಅಂದಿದ್ದಾರೆ, ಭಾನುವಾರ ಈಗಲೇ ಒಳಗೆ ನಿಲ್ಲಲು ಜಾಗ ಇರುವುದಿಲ್ಲವಂತೆ. ಊರಿನಲ್ಲಿ ಗಿಡದ ಟ್ಯಾಂಕ್ ಇಟ್ಟಿರುವ ಯಾರನ್ನು ಕೇಳಿದರೂ ದಾರಿ ಹೇಳುತ್ತಾರೆ.

ಒಳಗೆ ಹೋದ ತಕ್ಷಣ ಕಾಣುವುದು ಟ್ಯಾಂಕ್‌ಗಳ ಎರಡು ಸಾಲು. ಎಡಗಡೆ ಸೀಮೆಸುಣ್ಣದಲ್ಲಿ 'ಹೊರಗೆ ಬೆಳೆದದ್ದು' ಅಂತ ಬರೆದಿದ್ದಾರೆ, ಬಲಗಡೆ 'ನೀರಲ್ಲಿ ಬೆಳೆದದ್ದು'. ಹೊಸಬರಿಗೆ ಇದು ತಲೆಬುಡ ಅರ್ಥ ಆಗುವುದಿಲ್ಲ, ಎರಡೂ ಕಡೆ ಗಿಡ ನೀರಲ್ಲೇ ಉಂಟಲ್ಲ ಅನಿಸುತ್ತದೆ. ವಿಷಯ ಏನೆಂದರೆ ಅಕ್ವೇರಿಯಂಗೆ ಅಂತ ಮಾರುವ ಹೆಚ್ಚಿನ ಗಿಡಗಳನ್ನು ನರ್ಸರಿಯವರು ನೀರಿನೊಳಗೆ ಬೆಳೆಸುವುದೇ ಇಲ್ಲ. ಬೇರು ಒದ್ದೆ, ಎಲೆ ಗಾಳಿಯಲ್ಲಿ. ಹಾಗೆ ಬೆಳೆಸಿದರೆ ಬೇಗ ಚಿಗುರುತ್ತದೆ, ಪಾಚಿ ಹಿಡಿಯುವುದಿಲ್ಲ, ದೂರ ಕಳುಹಿಸಲೂ ಸುಲಭ. ಗಾಳಿಯಲ್ಲಿ ಎಲೆಗೆ ಕಾರ್ಬನ್ ಡೈಆಕ್ಸೈಡ್ ಸಲೀಸಾಗಿ ಸಿಗುತ್ತದೆ. ನೀರಿನಲ್ಲಿ ಅದೇ ಅನಿಲ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಅದಕ್ಕೇ ಒಂದೇ ಗಿಡ ಎರಡು ಕಡೆ ಎರಡು ಥರದ ಎಲೆ ಬಿಡುತ್ತದೆ. ಗಾಳಿಯ ಎಲೆ ಗಟ್ಟಿ, ಮೇಲೊಂದು ಮೇಣದಂಥ ಪದರ ಇರುತ್ತದೆ. ನೀರೊಳಗಿನ ಎಲೆ ತೆಳು, ಮೆತ್ತಗೆ. ವಾಟರ್ ವಿಸ್ಟೀರಿಯಾ ಅಂತ ಮಾರುವ ಗಿಡವನ್ನು ನೋಡಿದರೆ ಗೊತ್ತಾಗುತ್ತದೆ, ಹೊರಗೆ ಬೆಳೆದಾಗ ಅಂಚಿಗೆ ಹಲ್ಲಿರುವ ಇಡೀ ಎಲೆ, ಮುಳುಗಿಸಿ ಸ್ವಲ್ಪ ದಿನ ಕಳೆದರೆ ಹೊಸ ಎಲೆ ಪೂರ್ತಿ ಸೀಳು ಸೀಳು. ಪಕ್ಕಪಕ್ಕ ಇಟ್ಟರೆ ಒಂದೇ ಗಿಡ ಅಂತ ನಂಬಲು ಕಷ್ಟ.

ಈ ಬದಲಾವಣೆ ಆಗುವಾಗ ಹಳೆಯ ಎಲೆ ಕರಗಿ ಹೋಗುತ್ತದೆ. ಜನ ಗಿಡ ಸತ್ತಿತು ಅಂತ ಕಿತ್ತು ಬಿಸಾಡುವುದು ಸರಿಯಾಗಿ ಆಗಲೇ. ಇಲ್ಲಿ ಹಾಗಾಗುವುದು ಕಡಿಮೆ, ಯಾಕೆಂದರೆ ಎಡಗಡೆಯ ಸಾಲಿಗೆ ಬಂದ ಗಿಡಗಳನ್ನು ಅವರೇ ಮುಳುಗಿಸಿಟ್ಟು, ಹೊಸ ಎಲೆ ಬಂದ ಮೇಲೆ ಬಲಗಡೆಗೆ ದಾಟಿಸುತ್ತಾರೆ. ಎಡಗಡೆಯದ್ದು ಅಗ್ಗ, ಬಲಗಡೆಯದ್ದು ಸುಮಾರು ಒಂದೂವರೆ ಪಟ್ಟು ರೇಟು. ಎಡಗಡೆಯಿಂದ ತಗೊಂಡರೆ "ಎಲೆ ಉದುರ್ತದೆ, ಬುಡ ಮುಟ್ಬೇಡಿ, ಬುಡ ಗಟ್ಟಿ ಇದ್ರೆ ಗಿಡ ಉಂಟು ಅಂತ ಲೆಕ್ಕ" ಅಂತ ಹೇಳಿಯೇ ಕಟ್ಟಿ ಕೊಡುತ್ತಾರೆ. ನಾನು ಬೇರೆ ಕಡೆ ಎಲ್ಲೂ ಈ ಮಾತು ಕೇಳಿಲ್ಲ. ಆನ್‌ಲೈನಿನಲ್ಲಂತೂ ಫೋಟೋ ನೀರೊಳಗಿನದ್ದು, ಬರುವ ಗಿಡ ಗಾಳಿಯದ್ದು, ಕೆಳಗೆ ಒಂದು ಸಾಲೂ ಬರೆದಿರುವುದಿಲ್ಲ.

ಇನ್ನೊಂದು ವಿಷಯಕ್ಕೆ ಪೂರ್ತಿ ಮಾರ್ಕು ಕೊಡಬೇಕು. ನೀರಿನ ಗಿಡವೇ ಅಲ್ಲದ್ದನ್ನು ಇವರು ಮಾರುವುದಿಲ್ಲ. ಲಕ್ಕಿ ಬ್ಯಾಂಬೂ, ಮೊಂಡೊ ಗ್ರಾಸ್, ಸಿಂಗೋನಿಯಂ, ನೇರಳೆ ಎಲೆಯ ಹೆಮಿಗ್ರಾಫಿಸ್, ಇವೆಲ್ಲ ಹೂಕುಂಡದ ಗಿಡಗಳು. ಮುಳುಗಿಸಿದರೆ ಕೆಲವು ವಾರ ಹಸಿರಾಗಿಯೇ ನಿಲ್ಲುತ್ತವೆ, ಮೋಸ ಆಗುವುದೇ ಅಲ್ಲಿ. ಆಮೇಲೆ ಬುಡದಿಂದ ಕೊಳೆಯಲು ಶುರು, ನೀರು ಕೆಡುತ್ತದೆ, ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ನಗರದ ಮಧ್ಯದಲ್ಲೇ ಇರುವ ಇನ್ನೊಂದು ಅಂಗಡಿಯಲ್ಲಿ (ಹೆಸರು ಬೇಡ) ನೇರಳೆ ಬಣ್ಣದ ಇದೇ ಗಿಡವನ್ನು ನನಗೆ 'ಫಾರಿನ್ ರೆಡ್ ಪ್ಲಾಂಟ್' ಅಂತ ಕೊಟ್ಟಿದ್ದರು. ಇಲ್ಲಿ ಒಮ್ಮೆ ಒಬ್ಬರು ಹೆಂಗಸು ಮಗನ ಟ್ಯಾಂಕಿಗೆ ಲಕ್ಕಿ ಬ್ಯಾಂಬೂ ಕೇಳಿದರು. ಅಂಗಡಿಯವರು, "ಅದು ನೀರಿನೊಳಗೆ ಬರುದಿಲ್ಲ ಅಕ್ಕ. ತಲೆ ಹೊರಗೆ ಇರುವ ಹಾಗೆ ಹೂಜಿಯಲ್ಲಿ ಇಡಿ, ಟ್ಯಾಂಕಿಗೆ ಬೇಡ" ಅಂದು, ಕೈಗೆ ನಲವತ್ತು ರೂಪಾಯಿಯ ಹಾರ್ನ್‌ವರ್ಟ್ ಕೊಟ್ಟು ಕಳುಹಿಸಿದರು. ಹಾರ್ನ್‌ವರ್ಟಿಗೆ ಬೇರೇ ಇಲ್ಲ, ನೆಡುವ ಕೆಲಸ ಇಲ್ಲ, ತೇಲಿಸಿ ಬಿಟ್ಟರೆ ಆಯಿತು. ಮಕ್ಕಳ ಟ್ಯಾಂಕಿಗೆ ಅದಕ್ಕಿಂತ ಸರಿಯಾದ್ದು ಇನ್ನೇನಿದೆ.

ಗಿಡ ಕೇಳಿದರೆ ಇವರು ಮೊದಲು ಕೇಳುವ ಪ್ರಶ್ನೆ "ಬಾವಿ ನೀರಾ, ಕಾರ್ಪೊರೇಷನ್ ನೀರಾ?" ಅಂತ. ಸುಮ್ನೆ ಕೇಳುವುದಲ್ಲ. ಮಂಗಳೂರಿನ ನಲ್ಲಿ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ ಬರುವಂಥದ್ದು, ಕ್ಲೋರಿನ್ ಹಾಕಿರುತ್ತಾರೆ, ಆದರೆ ಗಡಸು ಏನಲ್ಲ. ನಮ್ಮ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಬಾವಿಗಳ ನೀರು ಇನ್ನೂ ಮೆದು, ಸ್ವಲ್ಪ ಹುಳಿ ಕಡೆಗೆ, ಪಿಎಚ್ 6ರ ಆಸುಪಾಸಿನಲ್ಲಿ ಬರುವುದೂ ಉಂಟು. ಕ್ಯಾಲ್ಸಿಯಂ ತೀರಾ ಕಡಿಮೆ. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಇದು ಪೂರ್ತಿ ಉಲ್ಟಾ. ಯೂಟ್ಯೂಬಿನಲ್ಲಿ ಬೆಂಗಳೂರಿನವರು, ಚೆನ್ನೈಯವರು ಹೇಳುವ ಲೆಕ್ಕ ಇಲ್ಲಿ ಎಷ್ಟೋ ಸಲ ಕೆಲಸ ಮಾಡದಿರುವುದು ಇದಕ್ಕೇ. ಅವರಿಗೆ ವ್ಯಾಲಿಸ್ನೇರಿಯಾ ಕಳೆಯ ಹಾಗೆ ಹಬ್ಬುತ್ತದೆ, ನಮ್ಮ ಬಾವಿ ನೀರಿನಲ್ಲಿ ಅದೇ ಗಿಡ ಪಾರದರ್ಶಕವಾಗಿ ಕರಗುತ್ತದೆ. ಆ ಗಿಡಕ್ಕೆ ಗಡಸು ನೀರು ಇಷ್ಟ, ನೀರಿನಲ್ಲಿರುವ ಬೈಕಾರ್ಬನೇಟಿನಿಂದಲೇ ಕಾರ್ಬನ್ ಎಳೆದುಕೊಳ್ಳುವ ಶಕ್ತಿ ಅದಕ್ಕಿದೆ. ನಮ್ಮಲ್ಲಿ ಆ ಬೈಕಾರ್ಬನೇಟೇ ಇಲ್ಲ.

ಇದಕ್ಕೆ ಅಂಗಡಿಯವರ ಮದ್ದು ಮರುವಾಯಿ ಚಿಪ್ಪು, ಅಂದರೆ ಕಪ್ಪೆಚಿಪ್ಪು. ಹೌದು, ಸುಕ್ಕ ಮಾಡಿ ತಿಂದ ಮೇಲೆ ಉಳಿಯುವ ಅದೇ ಚಿಪ್ಪು. ಚೆನ್ನಾಗಿ ಕುದಿಸಿ, ಮಾಂಸದ ಚೂರು ಒಂದೂ ಇಲ್ಲದ ಹಾಗೆ ಉಜ್ಜಿ, ಒಣಗಿಸಿ, ಒಂದು ಹಿಡಿಯಷ್ಟನ್ನು ಬಲೆಯ ಚೀಲದಲ್ಲಿ ಹಾಕಿ ಫಿಲ್ಟರಿನೊಳಗೆ ಇಡುವುದು. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬನೇಟ್, ಹುಳಿ ನೀರಿನಲ್ಲಿ ನಿಧಾನ ಕರಗುತ್ತದೆ, ನೀರು ಸರಿ ಹೋದಂತೆ ಕರಗುವುದೂ ತಾನಾಗಿ ಕಡಿಮೆಯಾಗುತ್ತದೆ. ಆನ್‌ಲೈನಿನಲ್ಲಿ ಇದೇ ಕೆಲಸಕ್ಕೆ ಪುಡಿ ಹವಳದ ಪ್ಯಾಕೆಟ್ ಮಾರುತ್ತಾರೆ. ಇವರು ಅದನ್ನು ಅಂಗಡಿಯಲ್ಲಿ ಇಟ್ಟಿದ್ದರೂ "ನಿಮ್ಮ ಮನೆಯಲ್ಲಿ ಮೀನು ಮಾಡ್ತೀರಲ್ಲ, ದುಡ್ಡು ಯಾಕೆ ಕೊಡ್ತೀರಿ" ಅಂದರು. ಮನೆಯಲ್ಲಿ ವ್ಯಾಲಿಸ್ನೇರಿಯಾ ಈಗ ಹಿಂದಿನ ಗಾಜು ಪೂರ್ತಿ ಮುಚ್ಚಿದೆ. ಸಮುದ್ರದ ಹತ್ತಿರದ ಬಾವಿ ಇರುವವರ ಕತೆ ಬೇರೆ. ಮಲ್ಪೆ ಕಡೆಯ ನನ್ನ ಗೆಳೆಯನ ಮನೆಯ ಬಾವಿಗೆ ಏಪ್ರಿಲಿನಲ್ಲಿ ಉಪ್ಪು ನೀರು ಬರುತ್ತದೆ. ಅವನಿಗೆ ಚಿಪ್ಪು ಬೇಡ, ಬೇಸಿಗೆಯಲ್ಲಿ ಬದಲಿಸುವ ನೀರಿಗೆ ಮಳೆಗಾಲದಲ್ಲಿ ಹಿಡಿದಿಟ್ಟ ನೀರೇ ಗತಿ. ಅದನ್ನೂ ಇವರೇ ಕೇಳಿ ತಿಳಿದುಕೊಂಡು ಹೇಳಿದ್ದು.

ಈಗ ಗಿಡಗಳಿಗೆ ಬರೋಣ. ನಮ್ಮ ನೀರಿಗೆ ಹೇಳಿ ಮಾಡಿಸಿದ್ದು ಕ್ರಿಪ್ಟೊಕೊರೈನ್, ಎಲ್ಲರೂ ಕ್ರಿಪ್ಟ್ ಅನ್ನುತ್ತಾರೆ. ಅಂಗಡಿಯಲ್ಲಿ ಜಾಸ್ತಿ ಇರುವುದು ಶ್ರೀಲಂಕಾ ಮೂಲದ ವೆಂಡ್ಟಿಐ, ಕಂದು ಮತ್ತು ಹಸಿರು ಎರಡೂ. ಬೆಳಕು ಕಡಿಮೆ ಇದ್ದರೂ ನಡೆಯುತ್ತದೆ, ಕಾರ್ಬನ್ ಗ್ಯಾಸ್ (ಹೊರಗಿನಿಂದ ನೀರಿಗೆ ಬಿಡುವ ಕಾರ್ಬನ್ ಡೈಆಕ್ಸೈಡ್) ಬೇಕಿಲ್ಲ, ಬೇಸಿಗೆಯ ಬಿಸಿ ನೀರಿಗೂ ಜಗ್ಗುವುದಿಲ್ಲ. ಒಂದೇ ಷರತ್ತು, ನೆಟ್ಟ ಮೇಲೆ ಜಾಗ ಬದಲಿಸಬಾರದು. ಬದಲಿಸಿದರೆ ಸಿಟ್ಟು ಮಾಡಿಕೊಂಡು ಎಲೆ ಎಲ್ಲಾ ಕರಗಿಸುತ್ತದೆ, ಬೇರಿನಿಂದ ಮತ್ತೆ ಬರುತ್ತದೆ, ಆದರೆ ಅದರದ್ದೇ ಟೈಮಿಗೆ. ನಮ್ಮ ಘಟ್ಟದ ಹೊಳೆಗಳಲ್ಲೇ ಬೆಳೆಯುವ ರೆಟ್ರೊಸ್ಪೈರಾಲಿಸ್ ಅನ್ನುವ ಕ್ರಿಪ್ಟ್ ಕೂಡ ಒಂದು ಟ್ಯಾಂಕಿನಲ್ಲಿ ಉಂಟು, ಉದ್ದ ಕಿರಿದಾದ ಎಲೆ, ಅಂಚು ಸುಕ್ಕು. ಮಾರುವುದು ಅವರೇ ಟ್ಯಾಂಕಿನಲ್ಲಿ ಮರಿ ಮಾಡಿಸಿದ್ದನ್ನು ಮಾತ್ರ. ಹೊಳೆಯಿಂದ ಕಿತ್ತು ಚೀಲದಲ್ಲಿ ತಂದು ಕೊಡುವವರು ಇದ್ದಾರಂತೆ, ಅವರಿಂದ ತಗೊಳ್ಳುವುದಿಲ್ಲ. ಇದು ನನಗೆ ಇಷ್ಟವಾಯಿತು. ಹೊಳೆಯ ಗಿಡದ ಜತೆ ಬರುವ ಏರೋಪ್ಲೇನ್ ಚಿಟ್ಟೆಯ ಮರಿ ಒಂದೇ ಸಾಕು, ಟ್ಯಾಂಕಿನ ಸಿಗಡಿ, ಮೀನಿನ ಮರಿ ಎಲ್ಲಾ ಖಾಲಿ ಮಾಡಲು. ಆ ಲಾಭದ ಲೆಕ್ಕವೂ ಅವರಿಗೆ ಇರಬಹುದು, ಇರಲಿ.

ಅನೂಬಿಯಸ್ ಮತ್ತು ಜಾವಾ ಫರ್ನ್ ಚೆನ್ನಾಗಿವೆ, ರೇಟು ಮಾತ್ರ ಜಾಸ್ತಿ. ಅಂಗೈ ಗಾತ್ರದ ಅನೂಬಿಯಸ್ ನಾನಾಕ್ಕೆ ಸುಮಾರು 200 ರೂಪಾಯಿ ಹೇಳುತ್ತಾರೆ, ಚೌಕಾಸಿ ನಡೆಯುವುದಿಲ್ಲ. ಆದರೆ ಮರದ ತುಂಡಿಗೆ ದಾರದಿಂದ ಕಟ್ಟಿ ಕೊಡುತ್ತಾರೆ. ಈ ಎರಡು ಗಿಡಗಳಿಗೂ ಅಡ್ಡಡ್ಡ ಹೋಗುವ ಒಂದು ದಪ್ಪ ಕಾಂಡ ಇರುತ್ತದೆ, ಶುಂಠಿಯ ಗಡ್ಡೆಯ ಹಾಗೆ. ಅದನ್ನು ಮರಳಿನಲ್ಲಿ ಹುಗಿದರೆ ಕೊಳೆಯಿತು ಅಂತಲೇ ಲೆಕ್ಕ. ಮರಳಿನಲ್ಲಿ ಚುಚ್ಚಿಟ್ಟು ಮಾರುವ ಅಂಗಡಿ ಕಂಡರೆ ಅಲ್ಲಿಂದ ಹೊರಡಬಹುದು, ಅವರಿಗೆ ಗಿಡ ಗೊತ್ತಿಲ್ಲ. ಗೋಲ್ಡ್‌ಫಿಶ್ ಇಟ್ಟವರಿಗೆ ಇವೆರಡು ಬಿಟ್ಟರೆ ಹೆಚ್ಚು ಗತಿ ಇಲ್ಲ, ಉಳಿದದ್ದನ್ನೆಲ್ಲ ಅದು ಸೊಪ್ಪಿನ ಪಲ್ಯ ಅಂದುಕೊಳ್ಳುತ್ತದೆ.

ಕೆಂಪು ಗಿಡದ ವಿಷಯದಲ್ಲಿ ಜನ ಹೆಚ್ಚು ದುಡ್ಡು ಕಳೆಯುತ್ತಾರೆ. ರೊಟಾಲಾ ಮ್ಯಾಕ್ರಾಂಡ್ರಾ ನಮ್ಮ ದಕ್ಷಿಣ ಭಾರತದ್ದೇ ಗಿಡ, ಆದರೂ ಮನೆಯ ಟ್ಯಾಂಕಿನಲ್ಲಿ ಅದನ್ನು ಉಳಿಸಿಕೊಳ್ಳುವುದು ಸಣ್ಣ ಕೆಲಸ ಅಲ್ಲ. ಜೋರು ಬೆಳಕು ಬೇಕು, ಗ್ಯಾಸ್ ಬೇಕು, ಗೊಬ್ಬರ ತಪ್ಪಬಾರದು. ಅಂಗಡಿಯಲ್ಲಿ ಕಡುಗೆಂಪಾಗಿ ಹೊಳೆಯುತ್ತಿರುತ್ತದೆ, ಯಾಕೆಂದರೆ ಅವರ ಆ ಒಂದು ಟ್ಯಾಂಕಿಗೆ ಸಿಲಿಂಡರ್ ಜೋಡಿಸಿದೆ. ಕೇಳಿದೆ. "ಗ್ಯಾಸ್ ಉಂಟಾ ನಿಮ್ಮಲ್ಲಿ?" ಅಂದರು. ಇಲ್ಲ ಅಂದೆ. "ಹಾಗಾದ್ರೆ ಬೇಡ ಮಾರಾಯ್ರೆ, ರೊಟಾಲಾದಲ್ಲೇ ರೊಟಂಡಿಫೋಲಿಯಾ ತಗೊಳ್ಳಿ, ತುದಿ ಸ್ವಲ್ಪ ಗುಲಾಬಿ ಬರ್ತದೆ, ಅಷ್ಟರಲ್ಲಿ ಖುಷಿ ಪಡಿ." ತುದಿ ಸ್ವಲ್ಪ ಗುಲಾಬಿ ಬಂದಿದೆ. ಖುಷಿ ಪಟ್ಟಿದ್ದೇನೆ.

ಈ ಗ್ಯಾಸಿನ ವಿಷಯ ಎರಡು ಮಾತು. ಗಾಳಿಗೆ ತೆರೆದಿಟ್ಟ ನೀರಿನಲ್ಲಿ ತಾನಾಗಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು. ಸಿಲಿಂಡರ್ ಇಟ್ಟವರು 20ರಿಂದ 30 ಮಿಲಿಗ್ರಾಂ ತನಕ ಏರಿಸುತ್ತಾರೆ. ಎಷ್ಟು ವ್ಯತ್ಯಾಸ ಅಂತ ನೀವೇ ನೋಡಿ. ಟ್ಯಾಂಕಿನೊಳಗೆ ನೇತು ಹಾಕುವ ಡ್ರಾಪ್ ಚೆಕರ್ ಅಂತ ಒಂದು ಸಣ್ಣ ಗಾಜಿನ ಬುರುಡೆ ಬರುತ್ತದೆ, ಒಳಗಿನ ನೀರು ನೀಲಿ ಇದ್ದರೆ ಗ್ಯಾಸ್ ಕಡಿಮೆ, ಹಸಿರು ಸರಿ, ಹಳದಿ ಬಂದರೆ ಮೀನಿಗೆ ಉಸಿರು ಕಟ್ಟುತ್ತದೆ. ಇವರಲ್ಲಿ ಸಿಲಿಂಡರ್ ಸೆಟ್ ಸಿಗುತ್ತದೆ, ಎಂಟು ಸಾವಿರದ ಮೇಲೆ. ಸಿಟ್ರಿಕ್ ಆಸಿಡ್ ಮತ್ತು ಅಡುಗೆ ಸೋಡಾ ಹಾಕುವ ಬಾಟಲಿ ಕಿಟ್ ಅದಕ್ಕಿಂತ ತುಂಬಾ ಅಗ್ಗ. ಕಿಟ್ ಬಗ್ಗೆ ನನಗೆ ಅಷ್ಟು ನಂಬಿಕೆ ಬರಲಿಲ್ಲ. ಒತ್ತಡ ಏರಿಳಿಯುತ್ತದೆ, ಒಂದು ದಿನ ಜೋರು, ಒಂದು ದಿನ ಇಲ್ಲ, ಆ ಏರುಪೇರಿಗೇ ಪಾಚಿ ಬರುತ್ತದೆ. ಗ್ಯಾಸ್ ಹಾಕುವುದಾದರೆ ಸರಿಯಾಗಿ ಹಾಕಬೇಕು, ಇಲ್ಲದಿದ್ದರೆ ಕ್ರಿಪ್ಟು, ಅನೂಬಿಯಸ್ ಇಟ್ಟು ನೆಮ್ಮದಿಯಾಗಿ ಇರಬೇಕು. 'ಲಿಕ್ವಿಡ್ ಕಾರ್ಬನ್' ಅಂತ ಬಾಟಲಿಯಲ್ಲಿ ಬರುವುದರಲ್ಲಿ ಇರುವುದು ಹೆಚ್ಚಾಗಿ ಗ್ಲುಟರಾಲ್ಡಿಹೈಡ್, ಅಂದರೆ ಆಸ್ಪತ್ರೆಯಲ್ಲಿ ಸಲಕರಣೆ ಶುದ್ಧ ಮಾಡಲು ಬಳಸುವ ಅದೇ ರಾಸಾಯನಿಕ. ಪಾಚಿಗೆ ಒಳ್ಳೆಯದು, ಆದರೆ ವ್ಯಾಲಿಸ್ನೇರಿಯಾ ಇದ್ದ ಟ್ಯಾಂಕಿಗೆ ಹಾಕಿದರೆ ಅದು ಕರಗುತ್ತದೆ. ಬಾಟಲಿ ಕೊಡುವ ಮೊದಲು ಟ್ಯಾಂಕಿನಲ್ಲಿ ಯಾವ ಗಿಡ ಉಂಟು ಅಂತ ಇವರು ಕೇಳಿದರು, ಸಣ್ಣ ವಿಷಯ, ಆದರೆ ಕೇಳಿದರು.

ಇನ್ನು ನಗು ಬರುವ ವಿಷಯ. ಕೌಂಟರಿನ ಪಕ್ಕದಲ್ಲಿ ಪ್ಲಾಸ್ಟಿಕ್ ಪ್ಯಾಕೆಟಿನಲ್ಲಿ ಕೆಂಪು ಹುಡಿ ಇಟ್ಟಿದ್ದಾರೆ, ಕಿಲೋಗೆ ನೂರು ರೂಪಾಯಿಗೆ ಹತ್ತಿರ. ಮುರಕಲ್ಲಿನ ಹುಡಿ! ಮಂಗಳೂರಿನಲ್ಲಿ! ಅರ್ಧ ಊರು ಕಟ್ಟಿರುವುದೇ ಆ ಕಲ್ಲಿನಲ್ಲಿ, ಎಲ್ಲಿ ಮನೆಗೆ ಪಾಯ ತೆಗೆದರೂ ಲೋಡುಗಟ್ಟಲೆ ಬರುತ್ತದೆ. ನಾನು ನಕ್ಕದ್ದಕ್ಕೆ ಅವರಿಗೆ ಬೇಸರ ಆಗಲಿಲ್ಲ. ಜರ್ಮನಿಯ ಡುಪ್ಲಾ ಕಂಪೆನಿಯವರು 1980ರ ದಶಕದಲ್ಲಿ ಇದನ್ನೇ ಪೊಟ್ಟಣ ಕಟ್ಟಿ ಯುರೋಪಿನವರಿಗೆಲ್ಲ ಮಾರಿದ್ದಾರೆ ಅಂದರು. ಆ ಮಾತು ನಿಜವೇ, ಗಿಡದ ಟ್ಯಾಂಕಿಗೆ ಲ್ಯಾಟರೈಟ್ ಹಾಕುವ ಪದ್ಧತಿ ಬೆಳೆದದ್ದೇ ಹಾಗೆ. ಮುರಕಲ್ಲಿನಲ್ಲಿ ಕಬ್ಬಿಣ ಜಾಸ್ತಿ. ಕೆಳಗಿನ ಪದರದಲ್ಲಿ, ಆಮ್ಲಜನಕ ಹೋಗದ ಕಡೆ, ಆ ಕಬ್ಬಿಣ ಸ್ವಲ್ಪ ಸ್ವಲ್ಪವಾಗಿ ಬೇರಿಗೆ ಸಿಗುತ್ತದೆ. ಆದರೆ ಸಾರಜನಕ, ರಂಜಕ, ಪೊಟ್ಯಾಶ್ ಅದರಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಘಟ್ಟದ ಕೆಳಗೆ ಕೃಷಿ ಮಾಡುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಅಮೆಜಾನ್ ಸ್ವೋರ್ಡಿನಂಥ ಬೇರಿನಿಂದ ತುಂಬಾ ಎಳೆಯುವ ಗಿಡಕ್ಕೆ ಗೊಬ್ಬರದ ಗುಳಿಗೆ ಬುಡದಲ್ಲಿ ತೂರಿಸಲೇಬೇಕು.

ಹುಡಿಯನ್ನು ನಾನು ದುಡ್ಡು ಕೊಟ್ಟು ತಗೊಳ್ಳಲಿಲ್ಲ. ನೆರೆಮನೆಯಲ್ಲಿ ಕಲ್ಲು ಕೆತ್ತುವಾಗ ಬಿದ್ದದ್ದನ್ನು ತಂದು, ಜರಡಿ ಹಿಡಿದು, ಕೆಂಪು ನೀರು ಹೋಗುವ ತನಕ ತೊಳೆದು ತೊಳೆದು ಕೈ ಸೋತಿತು. ಆಗ ಗೊತ್ತಾಯಿತು ನೂರು ರೂಪಾಯಿ ತೊಳೆದ ಕೂಲಿ ಅಂತ. ಅವರ ಪ್ಯಾಕೆಟ್ ತೊಳೆದದ್ದು. ಒಂದು ಇಂಚು ಹುಡಿ, ಮೇಲೆ ಎರಡು ಇಂಚು ಹೊಳೆ ಮರಳು, ಮಧ್ಯದಲ್ಲಿ ಕೈ ಹಾಕಿ ಕಲಕಬಾರದು. ಗಿಡ ಕೀಳುವಾಗ ಎಳೆಯದೆ ಬುಡದಲ್ಲಿ ಕತ್ತರಿಸಬೇಕು, ಇಲ್ಲವಾದರೆ ಟ್ಯಾಂಕು ಜುಲೈ ತಿಂಗಳ ತೋಡಿನ ಬಣ್ಣಕ್ಕೆ ತಿರುಗುತ್ತದೆ. ಆಮದು ಅಕ್ವಾಸಾಯಿಲ್ ಸಹ ಇದೆ, ಗಿಡಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ ಅನ್ನುವುದು ಒಪ್ಪುವ ಮಾತೇ, ಆದರೆ ಎರಡು ಅಡಿ ಟ್ಯಾಂಕಿಗೆ ಬೇಕಾದ ಮಣ್ಣಿನ ಬೆಲೆಗೆ ಟ್ಯಾಂಕು, ಲೈಟು, ಫಿಲ್ಟರ್ ಮೂರೂ ಬರುತ್ತದೆ.

ಟಿಶ್ಯೂ ಕಲ್ಚರ್ ಕಪ್ಪುಗಳು ಫ್ರಿಜ್ಜಿನ ಪಕ್ಕದ ಕಪಾಟಿನಲ್ಲಿ ಇವೆ. ಲ್ಯಾಬಿನಲ್ಲಿ ಜೆಲ್ ಮೇಲೆ ಬೆಳೆಸಿದ ಪುಟ್ಟ ಗಿಡಗಳು, ಮುಚ್ಚಳ ತೆರೆಯುವ ತನಕ ಬಸವನಹುಳು ಇಲ್ಲ, ಪಾಚಿ ಇಲ್ಲ, ಏನೂ ಇಲ್ಲ. ಸಿಗಡಿ ಸಾಕುವವರು ಇದನ್ನೇ ತಗೊಳ್ಳುವುದು ಒಳ್ಳೆಯದು, ಕೀಟನಾಶಕದ ಹೆದರಿಕೆಯೂ ಇರುವುದಿಲ್ಲ. ಇಲ್ಲಿ ಒಂದು ಕಪ್ಪಿಗೆ 250ರಿಂದ 350. ಆನ್‌ಲೈನಿನಲ್ಲಿ ಐವತ್ತು ರೂಪಾಯಿ ಕಡಿಮೆಗೆ ಸಿಗುತ್ತದೆ, ಆದರೆ ಕೊರಿಯರಿನವರು ಎರಡು ದಿನ ತಡ ಮಾಡಿದರೆ ಏಪ್ರಿಲ್ ಬಿಸಿಲಿಗೆ ಕಪ್ಪಿನೊಳಗೆ ಬೆಂದು ಸೊಪ್ಪಿನ ಸಾರು. ನನಗೆ ಹಾಗೆ ಬಂದಿದೆ, ವಾಪಸ್ ದುಡ್ಡು ಕೇಳಿದರೆ 'ಲೈವ್ ಪ್ಲಾಂಟ್, ನೋ ರಿಟರ್ನ್' ಅಂತ ಉತ್ತರ. ಇಲ್ಲಾದರೆ ಕಪ್ಪನ್ನು ಕೈಯಲ್ಲಿ ಹಿಡಿದು ನೋಡಿ ತಗೊಳ್ಳಬಹುದು. ಅಡಿಯ ಬೇರು ಬಿಳಿ ಇರಬೇಕು, ಜೆಲ್ ಹಳದಿಯಾಗಿದ್ದರೆ ಬಿಟ್ಟುಬಿಡಿ. ಒಂದು ತಕರಾರು ಇದೆ: ಕಪ್ಪು ಬಂದ ದಿನಾಂಕ ಇವರು ಬರೆದಿಡುವುದಿಲ್ಲ. ಹಳೆಯ ಸ್ಟಾಕು, ಹೊಸದು ಒಟ್ಟಿಗೆ ಇರುತ್ತದೆ, ರೇಟು ಒಂದೇ. ಮನೆಗೆ ತಂದ ಮೇಲೆ ಜೆಲ್ ಒಂದು ಚೂರೂ ಉಳಿಯದ ಹಾಗೆ ಹದ ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ, ಉಳಿದರೆ ಅದರ ಸಕ್ಕರೆಗೆ ಬೂಷ್ಟು ಬರುತ್ತದೆ.

ಬಂಚಿನ ಗಿಡಗಳ ಜತೆ ಬಸವನಹುಳು ಬಂದೇ ಬರುತ್ತದೆ, ಈ ವಿಷಯದಲ್ಲಿ ಈ ಅಂಗಡಿ ಬೇರೆಯವಕ್ಕಿಂತ ಮೇಲೇನಲ್ಲ. ಅಂಗಡಿಯವರು ಅದನ್ನು ದೋಷ ಅಂತಲೇ ಒಪ್ಪುವುದಿಲ್ಲ, "ಕೊಳೆತ ಎಲೆ ತಿಂತದೆ, ಇರ್ಲಿ ಬಿಡಿ" ಅನ್ನುತ್ತಾರೆ. ಅದೂ ಪೂರ್ತಿ ಸುಳ್ಳಲ್ಲ, ಹುಳ ಜಾಸ್ತಿಯಾಗುವುದು ನಾವು ಮೀನಿಗೆ ಆಹಾರ ಜಾಸ್ತಿ ಹಾಕಿದಾಗ. ಬೇಡ ಅಂದರೆ ಗಿಡವನ್ನು ಪಟಿಕದ ನೀರಿನಲ್ಲಿ ನೆನೆಸಿ ತೊಳೆದು ಹಾಕಬಹುದು. ಮೊಟ್ಟೆ ಮಾತ್ರ ಎಲೆಯ ಹಿಂದೆ ಲೋಳೆಯ ಚುಕ್ಕೆಯಂತೆ ಅಂಟಿರುತ್ತದೆ, ಉಗುರಿನಿಂದ ಕೆರೆದು ತೆಗೆಯಬೇಕು.

ಬೆಳಕಿನ ಬಗ್ಗೆ ಇವರ ಸಲಹೆ ತೀರಾ ಸರಳ. ಟೈಮರ್ ಹಾಕಿ, ಶುರುವಿಗೆ ದಿನಕ್ಕೆ 6 ಗಂಟೆ, ಗಿಡ ಹಿಡಿದುಕೊಂಡ ಮೇಲೆ 8. ಬೆಳಿಗ್ಗೆಯಿಂದ ರಾತ್ರಿ ತನಕ ಲೈಟು ಉರಿಸಿದರೆ ಪಾಚಿಗೆ ಹಬ್ಬ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ ಅಗ್ಗದ ಟೈಮರಿನ ಗಡಿಯಾರ ಹಿಂದೆ ಬಿದ್ದು ಮಧ್ಯರಾತ್ರಿ ಲೈಟು ಹತ್ತುತ್ತದೆ, ಬ್ಯಾಟರಿ ಇರುವ ಟೈಮರನ್ನೇ ಕೇಳಿ ತಗೊಳ್ಳಿ. ಬೇಸಿಗೆಯ ಸೆಕೆಗೆ ಮಾತ್ರ ಇವರಲ್ಲೂ ಒಳ್ಳೆಯ ಉತ್ತರ ಇಲ್ಲ. ಮೇ ತಿಂಗಳಲ್ಲಿ ಮನೆಯೊಳಗಿನ ಟ್ಯಾಂಕಿನ ನೀರು 30 ಡಿಗ್ರಿ ದಾಟುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಗಾಳಿ ಕರಗುವುದು ಕಡಿಮೆ, ಗಿಡದ ಉಸಿರಾಟ ಜಾಸ್ತಿ, ಕೊಳೆಯುವುದೂ ಬೇಗ. ನೀರಿನ ಮೇಲೆ ಫ್ಯಾನ್ ಬೀಸಿದರೆ ಆವಿಯಾಗಿ ತಂಪಾಗುತ್ತದೆ ಅಂತ ಕ್ಲಿಪ್ ಫ್ಯಾನ್ ಮಾರುತ್ತಾರೆ. ಹುಬ್ಬಳ್ಳಿಯ ಒಣ ಹವೆಗೆ ಅದು ಚೆನ್ನ. ಹಾಕಿದ ಅಂಗಿಯೇ ಒಣಗದ ನಮ್ಮ ಊರಿನಲ್ಲಿ ಆವಿ ಆಗುವುದಾದರೂ ಎಲ್ಲಿಗೆ? ಒಂದು ಡಿಗ್ರಿ ಇಳಿದರೆ ಹೆಚ್ಚು. 900 ರೂಪಾಯಿ ಆ ಫ್ಯಾನಿಗೆ ಕೊಡಬೇಡಿ, ಬಿಸಿ ತಡೆಯುವ ಗಿಡವನ್ನೇ ಇಡಿ.

ಕೊಳದ ಗಿಡಗಳು ಹಿತ್ತಲಲ್ಲಿ, ಸಿಮೆಂಟಿನ ರಿಂಗುಗಳಲ್ಲಿ. ಉಡುಪಿಯ ನಮ್ಮ ಮನೆಯ ಅಂಗಳದ ತೊಟ್ಟಿಗೆ ಹೈಡ್ರಿಲ್ಲಾ ಮತ್ತು ಒಂದು ನೈದಿಲೆ ಇಲ್ಲಿಂದಲೇ ತಂದದ್ದು. ತೊಟ್ಟಿ ಹೊಸದು ಅಂದ ತಕ್ಷಣ ಗಿಡ ಕೊಡಲು ಒಪ್ಪಲಿಲ್ಲ. ಹೊಸ ಸಿಮೆಂಟಿನಿಂದ ಸುಣ್ಣ ಬಿಡುತ್ತದೆ, ಪಿಎಚ್ ವಿಪರೀತ ಏರುತ್ತದೆ. ನೀರು ತುಂಬಿಸಿ, ಬಾಳೆದಿಂಡು ಕಡಿದು ಹಾಕಿ ಕೊಳೆಸಿ, ಚೆಲ್ಲಿ, ಮತ್ತೆ ತುಂಬಿಸಿ, ಹೀಗೆ ಮಾಡಿ ಆಮೇಲೆ ಬನ್ನಿ ಅಂದರು. ಅತ್ತೆಯವರು ಇದನ್ನೇ ಮೊದಲು ಹೇಳಿದ್ದರು, ಅಂಗಡಿಯವರೂ ಹೇಳಿದ ಮೇಲೆ ಮನೆಯಲ್ಲಿ ಅವರ ಬೆಲೆ ಏರಿತು. ಸೊಳ್ಳೆ ಮರಿಗೆ ಗಪ್ಪಿ ಬಿಡಲೇಬೇಕು, ಮಲೇರಿಯಾದ ಊರು ನಮ್ಮದು. ಹೈಡ್ರಿಲ್ಲಾ ಹಬ್ಬಿದರೆ ವಾರಕ್ಕೊಮ್ಮೆ ಎಳೆದು ತೆಗೆಯಿರಿ. ಹಗಲಿನಲ್ಲಿ ಗುಳ್ಳೆ ಬಿಟ್ಟು ಆಮ್ಲಜನಕ ಕೊಡುವ ಗಿಡ ರಾತ್ರಿ ತಾನೇ ಅದನ್ನು ತಗೊಳ್ಳುತ್ತದೆ, ತೊಟ್ಟಿ ತುಂಬಾ ಗಿಡ ಇದ್ದರೆ ಬೆಳಗಿನ ಜಾವಕ್ಕೆ ಮೀನು ಮೇಲೆ ಬಂದು ಬಾಯಿ ಬಿಡುವುದು ಅದಕ್ಕೇ.

ಎಳೆದು ತೆಗೆದದ್ದನ್ನು ತೆಂಗಿನ ಬುಡಕ್ಕೆ ಹಾಕಿ, ತೋಡಿಗೆ ಬಿಸಾಡಬೇಡಿ. ಇದನ್ನು ಅಂಗಡಿಯಲ್ಲಿ ದೊಡ್ಡಕ್ಷರದಲ್ಲಿ ಅಂಟಿಸಬೇಕಿತ್ತು, ಅಂಟಿಸಿಲ್ಲ. ಹೈಡ್ರಿಲ್ಲಾ ಇಲ್ಲಿಯದ್ದೇ, ಅದು ಹೋಗಲಿ. ಆದರೆ ಇವರು ಕಬೊಂಬಾ ಕೂಡ ಮಾರುತ್ತಾರೆ, ಅಮೆರಿಕ ಖಂಡದಿಂದ ಬಂದ ಗಿಡ ಅದು. 2020ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ ತೋಡಿಗೆ ತೋಡೇ ಗುಲಾಬಿ ಹೂ ಬಿಟ್ಟು ಜನ ಫೋಟೋ ತೆಗೆಯಲು ಮುಗಿಬಿದ್ದರಲ್ಲ, ಅದು ಈ ಜಾತಿಯದ್ದೇ ಒಂದು ಗಿಡ. ಹೂ ಚಂದ, ಒಂದು ತುಂಡು ತೇಲಿ ಹೋದರೂ ಮೊಳೆಯುತ್ತದೆ. ಮಳೆಗಾಲದಲ್ಲಿ ತುಂಬಿ ಹರಿಯುವ ಅಂಗಳದ ತೊಟ್ಟಿಗೆ ಇದನ್ನು ಹಾಕುವುದು ಬೇಡವೇ ಬೇಡ. ಈ ಅಂಗಡಿಗೆ ನಾನು ಒಂದು ಸ್ಟಾರ್ ಕಡಿಮೆ ಮಾಡುವುದು ಇದೊಂದಕ್ಕೆ, ಎಲ್ಲವನ್ನೂ ಕೇಳಿ ಮಾರುವವರು ಇದನ್ನು ಮಾತ್ರ ಕೇಳದೆ ಕೊಡುತ್ತಾರೆ.

ಉಳಿದ ಕಿರಿಕಿರಿಗಳು ಸಣ್ಣವು. ಅಂಗಡಿಯವರು ಊಟಕ್ಕೆ ಹೋದಾಗ ಕೂರುವ ಹುಡುಗನಿಗೆ ಗಿಡದ ಗಂಧ ಗಾಳಿ ಇಲ್ಲ, ಆಗ ಎಡ ಬಲ ಸಾಲು ಎಲ್ಲಾ ಒಂದೇ ರೇಟು ಹೇಳಿಬಿಡುತ್ತಾನೆ (ಲಾಭ ಬೇಕಾದವರು ಮಧ್ಯಾಹ್ನ ಎರಡಕ್ಕೆ ಹೋಗಬಹುದು). ಅವರೇ ಕಲಸಿ ಮಾರುವ ದ್ರವ ಗೊಬ್ಬರದ ಬಾಟಲಿಗೆ ಲೇಬಲ್ ಇಲ್ಲ, ಏನೆಷ್ಟು ಹಾಕಿದ್ದಾರೆ ಗೊತ್ತಾಗುವುದಿಲ್ಲ. ಹಳೆಯ ಎಲೆಯಲ್ಲಿ ತೂತು ಬಿದ್ದರೆ ಪೊಟ್ಯಾಶ್ ಕೊರತೆ, ಹೊಸ ಎಲೆ ಬಿಳಚಿದರೆ ಕಬ್ಬಿಣದ್ದು, ಹೀಗೆ ನೋಡಿ ಹಾಕಬೇಕಾದರೆ ಬಾಟಲಿಯಲ್ಲಿ ಏನುಂಟು ಅಂತ ಗೊತ್ತಿರಬೇಡವಾ? ಗೊಬ್ಬರಕ್ಕೆ ಕಂಪೆನಿ ಬಾಟಲಿಯೇ ಸಾಕು.

ಹೊಸ ಗಿಡ ಬರುವುದು ಗುರುವಾರ, ಶುಕ್ರವಾರ ಸಂಜೆ ಹೋದರೆ ಆರಿಸಿಕೊಳ್ಳಬಹುದು. ಕಾರು ನಿಲ್ಲಿಸಲು ಜಾಗ ಇಲ್ಲ. ಉಡುಪಿ, ಮಣಿಪಾಲದವರು ಫೋನಿನಲ್ಲಿ ಹೇಳಿದರೆ ಒದ್ದೆ ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಹಾಕಿ ಬಸ್ಸಿಗೆ ಕೊಟ್ಟು ಕಳುಹಿಸುತ್ತಾರೆ, ಬಸ್ಸಿನವರಿಗೆ ಕೊಡುವ ದುಡ್ಡು ಬೇರೆ. ಡಬ್ಬಿಯನ್ನು ಇಂಜಿನ್ ಪಕ್ಕ ಇಡಬೇಡಿ ಅಂತ ಕಂಡಕ್ಟರಿಗೆ ಹೇಳಲು ಅವರಿಗೆ ನೆನಪು ಮಾಡಿ.